ಪ್ರಾಣದೇವರಿಗೆ ಪೆಟ್ರೋಲು

ಕಮಲಾಪುರ,
೨೨ ಜನವರಿ ೨೦೨೫

ಚಿ. ಭಾರ್ಗವನಿಗೆ,

ಆಶೀರ್ವಾದ ಕೊನೆಗೆ ಮಾಡುತ್ತೇನೆ, ಮೊದಲು ಬೈಯುವುದಿದೆ. ಕೆಮ್ಮು ನಿಂತಿತೇ? ಸಂಡೂರಿನ ಕೆಂಪು ಧೂಳಿನಲ್ಲಿ ರೂಮು ಮಾಡಿಕೊಂಡಿದ್ದೀಯ, ಬಿಸಿನೀರು ಕುಡಿ. ನನ್ನ ಫೋನು ಎತ್ತುವುದಿಲ್ಲವಲ್ಲ, ಅದಕ್ಕೇ ಈ ಕಾಗದವನ್ನು ಪಕ್ಕದ ಮನೆಯ ಲಾರಿ ಡ್ರೈವರ್ ಯಲ್ಲೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನೆದುರೇ ಓದು.

ನಿನ್ನ ವಿಡಿಯೋ ನೋಡಿದೆ. ನಮ್ಮ ಹಿತ್ತಲಿನ ಹಳೇ ಒರಳನ್ನು ತೋರಿಸಿ, ಹನುಮಂತ ಬೇರೆ ಗ್ರಹದಿಂದ ಆಕಾಶನೌಕೆಯಲ್ಲಿ ಇಳಿದ, ಇದು ಅದರ ಇಂಧನದ ಕುಂಡ, ನಮ್ಮ ಅರ್ಚಕ ಮನೆತನ ತಲೆತಲಾಂತರದಿಂದ ಕಾಪಾಡಿದ ರಹಸ್ಯ ಎಂದಿದ್ದೀಯ. ಯಾವ ಅರ್ಚಕ ಮನೆತನವೋ? ನಿನ್ನಜ್ಜ ಹೊಸಪೇಟೆಯ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಆ ಕಥೆ ಕಟ್ಟಿದವಳು ನಾನು. ನೀನು ಊಟಕ್ಕೆ ಹಠ ಮಾಡುತ್ತಿದ್ದೆ; ತುತ್ತಿಗೊಂದು ಗ್ರಹ ದಾಟಿಸಿ, ಮೊಸರನ್ನದ ಹೊತ್ತಿಗೆ ಹನುಮಪ್ಪನನ್ನು ಒರಳಿನ ಹತ್ತಿರ ಇಳಿಸುತ್ತಿದ್ದೆ. ಅದಕ್ಕೆ ನಾನೇನೂ ನಾಚಿಕೊಳ್ಳುವುದಿಲ್ಲ. ಕಥೆಯೆಂದೇ ಹೇಳಿದ್ದೆ, ನೀನೂ ಕಥೆಯೆಂದೇ ಕೇಳಿ ನಕ್ಕಿದ್ದೆ. ಈಗಲೂ ಕಥೆಯೆಂದೇ ಹೇಳಿದ್ದರೆ ಓಣಿಗೆಲ್ಲ ತೋರಿಸಿ ಹಿಗ್ಗುತ್ತಿದ್ದೆ. ಶಾಸ್ತ್ರ ಅಂತ ಯಾಕೆ ಹೇಳಿದೆಯೋ ಪುಣ್ಯಾತ್ಮ? ಹಾರುವುದಕ್ಕೆ ಪ್ರಾಣದೇವರಿಗೆ ಪೆಟ್ರೋಲು ಬೇಕೇನೋ? ಬುದ್ಧಿ ಬಂದಾಗಿನಿಂದ ಅವನಿಗೆ ಕೈ ಮುಗಿದವಳು ನಾನು. ಅವನ ಬಾಲಕ್ಕೆ ಇಂಜಿನ್ನು ಕಟ್ಟಿ ನೀನು ದೇವರನ್ನೂ ಕೆಡಿಸಿದೆ, ಕಥೆಯನ್ನೂ ಕೆಡಿಸಿದೆ. ನನಗೆ ಮೈಯೆಲ್ಲ ಉರಿಯುತ್ತಿದೆ.

ಅದನ್ನು ನೋಡಿ ಬಂದ ಜನರಿಂದ ಈಗ ಹಿತ್ತಲಲ್ಲಿ ಕಾಲಿಡಲು ಜಾಗವಿಲ್ಲ. ಒರಳಿಗೆ ಕುಂಕುಮ ಬಳಿದು, ತುಳಸಿ ಗಿಡವನ್ನು ತುಳಿದು ಹಾಕಿದ್ದಾರೆ. ಕಂಪ್ಲಿಯಿಂದ ವಿರುಪಮ್ಮ ಎಂಬವಳು ಮೂರ್ಛೆರೋಗದ ಮಗನನ್ನು ಎತ್ತಿಕೊಂಡು ಬಂದು, ಒರಳಿನ ನೀರನ್ನೇ ತೀರ್ಥವೆಂದು ಕುಡಿಸುತ್ತಾಳೆ. ಇದು ಚಟ್ನಿ ರುಬ್ಬುತ್ತಿದ್ದ ಕಲ್ಲು ತಾಯಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. “ದೊಡ್ಡೋರು ಗುಟ್ಟು ಬಿಟ್ಟುಕೊಡಂಗಿಲ್ರಿ. ನಿಮ್ಮ ಮೊಮ್ಮಗ ಹೇಳ್ಯಾನಲ್ರಿ” ಎಂದಳು. ನಾನು ಹೇಳಿದ ನಿಜ ಅವಳಿಗೆ ಗುಟ್ಟು ಮುಚ್ಚುವ ಮಾತಾಗಿ ಕಂಡಿದೆ.

ಬೈದಾಯಿತು. ಹೊತ್ತಿಗೆ ಸರಿಯಾಗಿ ಉಣ್ಣು. ಆ ಪ್ರಾಣದೇವರೇ ನಿನಗೆ ಬುದ್ಧಿ ಕೊಟ್ಟು ನೂರು ವರ್ಷ ಬಾಳಿಸಲಿ.

ನಿನ್ನ ಅಜ್ಜಿ,
ಗಂಗಾಬಾಯಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ವಿರುಪಮ್ಮ ಮತ್ತೆ ಬಂದಳು. ಇನ್ನು ಇವು ಬೇಕಾಗಿಲ್ಲವೆಂದು ಮಗನ ಮಾತ್ರೆಗಳನ್ನೆಲ್ಲ ಒರಳಿಗೆ ಕಾಣಿಕೆ ಹಾಕಿಬಿಟ್ಟಳು. ನಾನು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಿದ್ದೇನೆ, ಆದರೆ ನನ್ನ ಕೈಯಿಂದ ತೆಗೆದುಕೊಳ್ಳಲೊಲ್ಲಳು. ಊಟದ ನೆಪ ಹೇಳಿ ಇಬ್ಬರನ್ನೂ ಮನೆಯಲ್ಲೇ ಕೂರಿಸಿಕೊಂಡಿದ್ದೇನೆ. ಯಲ್ಲೇಶ ಈಗಲೇ ಹೊರಡುತ್ತಾನೆ; ಓದಿದ ಕೂಡಲೇ ಫೋನ್ ಮಾಡು, ಅವಳ ಕಿವಿಗೆ ಹಿಡಿಯುತ್ತೇನೆ. “ನಮ್ಮಜ್ಜಿ ನನಗ ಉಣ್ಣಿಸಾಕ ಹೇಳಿದ ಕಥಿ ಅದು” ಅನ್ನು. ಅಷ್ಟೇ ಸಾಕು. ಹುಡುಗನ ಸಂಜೆಯ ಮಾತ್ರೆಗೆ ಹೊತ್ತಾಗುತ್ತಿದೆ.