ನೀನು ಹೊಡೆದುಹಾಕಿದ ಎರಡು ವಿಷಯ

ಭಾನುವಾರ, ಮಧ್ಯಾಹ್ನ

ಅಕ್ಕಾ,

‘ಪ್ರೀತಿಯ’ ಎಂದು ಮೊದಲು ಸೇರಿಸಲು ಹೋದೆ, ಪೆನ್ನು ಒಪ್ಪಲಿಲ್ಲ. ಕ್ಷೇಮವೇ ಎಂದೂ ಕೇಳುವುದಿಲ್ಲ. ನೀನು ಕ್ಷೇಮವಾಗಿರುವುದನ್ನು ಮೊನ್ನೆ ಸಂದರ್ಶನದಲ್ಲಿ ಕಣ್ಣಾರೆ ನೋಡಿದ್ದೇನೆ. ಮೇಜಿನ ತುದಿಯಲ್ಲಿ, ಫ್ಯಾನಿನ ಕೆಳಗೆ, ಗರಿಗರಿಯಾಗಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಒಡಹುಟ್ಟಿದವಳನ್ನು ಕಂಡೂ ಕಾಣದ ಹಾಗೆ ಕೂತಿದ್ದೆ.

ನೀನೀಗ ಮಿಲ್ಲಿನ ಹತ್ತಿರ ಬೇರೆ ಇರುವವಳು, ಫೋನಿನಲ್ಲಿ ಹೇಳಬಹುದಿತ್ತು. ಹೇಳಲು ಶುರುಮಾಡಿದರೆ ನೀನು ‘ಮೀಟಿಂಗ್ ಇದೆ’ ಎಂದು ಕಟ್ ಮಾಡುತ್ತೀಯ. ಕಾಗದ ಹಾಗಲ್ಲ, ಕೊನೆಯವರೆಗೂ ಮಾತಾಡುತ್ತದೆ. ಹರಿದು ಹಾಕಿದರೂ ಮೊದಲ ನಾಲ್ಕು ಸಾಲನ್ನಾದರೂ ಓದಿಯೇ ಹರಿಯಬೇಕು.

ನಾನು ಬರೆದುಕೊಟ್ಟ ರೆಸ್ಯೂಮನ್ನು ನೀನು ತಿದ್ದಿದೆ. ನನ್ನನ್ನು ಕೇಳಲಿಲ್ಲ, ಹೇಳಲಿಲ್ಲ. ಅದಕ್ಕೇ ಈ ಪತ್ರ.

ಅದರಲ್ಲಿ ತಿದ್ದುವುದಕ್ಕೆ ಇದ್ದದ್ದಾದರೂ ಏನು? ಹೆಸರು, ಹುಟ್ಟಿದ ದಿನ, ಓದು. ಅನುಭವ ಎಂಬ ಕಡೆ ಬರೀ ಬಿಳಿ ಹಾಳೆ. ಕಾಲೇಜಿನಲ್ಲಿ ನಮಗೆ ರೆಸ್ಯೂಮ್ ಬರೆಯುವುದನ್ನು ಹೇಳಿಕೊಟ್ಟ ಮೇಷ್ಟ್ರು ಹೇಳಿದ್ದರು: “ಕೆಲಸ ಮಾಡಿ ಗೊತ್ತಿಲ್ಲದೋರು ಓದಿದ ವಿಷಯ ಬರೀರಪ್ಪ. ಆದ್ರೆ ಆ ಕೆಲಸಕ್ಕೆ ಹೊಂದೋದನ್ನ ಮಾತ್ರ ಬರೀರಿ. ಮದುವೆ ಊಟದ ಪಟ್ಟಿ ಥರ ಎಲ್ಲಾ ಬಡಿಸ್ಬೇಡಿ.” ನಮ್ಮ ಕ್ಲಾಸಿನಲ್ಲಿ ಡಬ್ಬಿ ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗ ಮಾತು ಕೇಳದೆ, ಮೊದಲ ವರ್ಷದ ಆಟೋಟವನ್ನೂ ಸೇರಿಸಿ ಎಲ್ಲವನ್ನೂ ತುಂಬಿಟ್ಟ. ಮೇಷ್ಟ್ರು ಅದನ್ನು ಎತ್ತಿ ಹಿಡಿದು, “ಇವನನ್ನ ಬಣ್ಣ ಹಾಕೋಕೆ ತಗೋತಾರೋ ಕಬಡ್ಡಿಗೋ?” ಎಂದಾಗ ಬೆಂಚು ಅಲುಗುವಷ್ಟು ನಕ್ಕಿದ್ದೆವು.

ನಾನು ಯೋಚಿಸಿ ಬರೆದೆ. ನೂಲಿನ ರಸಾಯನ, ಬಣ್ಣಗಳ ರಸಾಯನ, ಬಣ್ಣ ಹೊಂದಾಣಿಕೆ, ಬಟ್ಟೆಯ ಮೇಲಿನ ಮುದ್ರಣ. ಅವುಗಳ ಕೆಳಗೆ ಇನ್ನೆರಡು: ಕಾರ್ಖಾನೆಯ ಕೊಳಕು ನೀರಿನ ಶುದ್ಧೀಕರಣ, ಕಾರ್ಮಿಕರ ಆರೋಗ್ಯ ಮತ್ತು ಸುರಕ್ಷತೆ. ಬಣ್ಣದ ಮಿಲ್ಲಿನ ಕೆಲಸಕ್ಕೆ ಇವು ಹೊಂದದೆ ಇನ್ನಾವುದಕ್ಕೆ ಹೊಂದುತ್ತವೆ? ಬಣ್ಣ ಬಟ್ಟೆಗೆ ಹತ್ತಿದ ಮೇಲೆ ಉಳಿದದ್ದು ನೀರಿಗೆ ಹೋಗುತ್ತದೆ. ನೀರಿಗೆ ಹೋಗುವ ಮೊದಲು ಅದು ಪುಡಿ ತೂಗುವವರ ಮೂಗಿಗೆ ಹೋಗಿರುತ್ತದೆ. ಇದು ನನಗಿಂತ ಮೊದಲು ನಿನಗೆ ಗೊತ್ತು.

“ನಾನಿರೋದೇ ಸಿಬ್ಬಂದಿ ವಿಭಾಗದಲ್ಲಿ, ನನಗೆ ಕಳಿಸು, ಸರಿಯಾದ ಕೈಗೆ ಸೇರಿಸ್ತೀನಿ” ಎಂದು ನೀನೇ ಅಂದೆ. ಒಂದೇ ಮನೆಯ ಇಬ್ಬರನ್ನು ಮಿಲ್ಲಿನ ಆಫೀಸು, ಲ್ಯಾಬುಗಳಿಗೆ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಮನೆಯ ವಿಳಾಸ ಬೇಡ, ಹಾಸ್ಟೆಲ್ಲಿನದು ಹಾಕು ಅಂದೆ. ನಾನು ಹಾಕಿದೆ. ಒಳಗೆ ಬಂದಾಗ ಅಕ್ಕ ಅನ್ನಬೇಡ ಅಂದೆ. ಅದಕ್ಕೂ ತಲೆಯಾಡಿಸಿದೆ. ಚಿಕ್ಕಂದಿನಲ್ಲಿ ನಿನ್ನ ಹಿಂದೆ ಬಾಲದ ಹಾಗೆ ಸುತ್ತುತ್ತಿದ್ದವಳಿಗೆ ನೀನು ಹೇಳಿದ್ದೇ ವೇದವಾಕ್ಯ.

ಸಂದರ್ಶನದಲ್ಲಿ ಎಲ್ಲ ಚೆನ್ನಾಗಿಯೇ ನಡೆದಿತ್ತು. ಲ್ಯಾಬಿನ ಮೇಡಂ ಬಣ್ಣ ಹೋಲಿಸುವ ದೀಪದ ಪೆಟ್ಟಿಗೆಯೊಳಗೆ ಎರಡು ನೀಲಿ ಬಟ್ಟೆಯ ತುಂಡು ಇಟ್ಟು ವ್ಯತ್ಯಾಸ ಕೇಳಿದರು. ಹಗಲಿನ ದೀಪದಲ್ಲಿ ಎರಡೂ ಒಂದೇ, ಹಳದಿ ದೀಪ ಹಾಕಿದರೆ ಒಂದು ಕೆಂಪಿಗೆ ತಿರುಗುತ್ತದೆ ಎಂದು ಹೇಳಿದೆ. ಅವರ ಮುಖ ಅರಳಿತು. ಆ ಪೆಟ್ಟಿಗೆಯ ಮುಂದೆ ನಿಂತಾಗ ನನಗೆಷ್ಟು ಸಂತೋಷವಾಯಿತು ಎಂದು ಹೇಳಿದರೆ ನೀನು ನಂಬುವುದಿಲ್ಲ. ನನಗೆ ಆ ಕೆಲಸ ಬೇಕು ಅಕ್ಕ. ಹಲ್ಲು ಕಚ್ಚಿ ಬರೆಯುತ್ತಿದ್ದೇನೆ, ಬೇಕೇ ಬೇಕು.

ಆಗ ಮ್ಯಾನೇಜರು ಹಾಳೆ ನೋಡುತ್ತಾ, “ಬರೀ ಬಣ್ಣ, ಬಣ್ಣ, ಬಣ್ಣ. ಬೇರೆ ಏನೂ ಓದಿಲ್ವೇನಮ್ಮ?” ಎಂದರು. ಮಾತಿಗೆ ಕೇಳಿದರು, ಅಷ್ಟೆ.

“ಓದಿದೀನಿ ಸರ್. ಕೊಳಕು ನೀರಿನ ಶುದ್ಧೀಕರಣ, ಕಾರ್ಮಿಕರ ಆರೋಗ್ಯ. ಕೊನೇಲಿ ಬರೆದಿದೀನಲ್ಲ ಸರ್.”

“ಎಲ್ಲಿ?” ಎಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

ಇರಲಿಲ್ಲ. ಮುದ್ರಣದ ಕೆಳಗೆ ನೇರವಾಗಿ ನನ್ನ ಭಾಷೆಗಳು, ಹವ್ಯಾಸಗಳು. ಆ ಎರಡು ಸಾಲು ಇದ್ದ ಗುರುತೂ ಉಳಿಯದಂತೆ ನೀನು ಹೊಸದಾಗಿ ಟೈಪ್ ಮಾಡಿಸಿದ್ದೆ. ನಾನು ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದೆ. ಮ್ಯಾನೇಜರು, “ಓದಿದ್ದು ಮರೀತಾರೆ, ಸಹಜ. ಬರೆದದ್ದನ್ನೂ ಮರೆತ್ರೆ ಹೇಗಮ್ಮ?” ಅಂದರು. ಎಲ್ಲರೂ ನಕ್ಕರು.

ನೀನೂ ನಕ್ಕೆ. ಮ್ಯಾನೇಜರು ನಗಲಿ, ಅದು ಅವರ ಅಭ್ಯಾಸ. ನೀನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಆಮೇಲೆ ನನಗೆ, “ನೀವು ಸ್ವಲ್ಪ ಹೊರಗೆ ಕಾಯ್ತೀರಾ?” ಅಂದೆ. ನೀವು! ನನ್ನ ತಲೆಯಿಂದ ಹೇನು ಹೆಕ್ಕಿದವಳು ನನಗೆ ನೀವು ಅಂದೆ. ಹೊರಗಿನ ಬೆಂಚಿನ ಮೇಲೆ ಹೋಗಿ ಕೂತೆ. ಪಕ್ಕದ ಹುಡುಗಿ, “ಒಳಗೆ ಬೈದ್ರಾ?” ಎಂದು ಕೇಳಿದಳು. “ಇಲ್ಲ, ಮರ್ಯಾದೆ ಕೊಟ್ರು” ಅಂದೆ.

ಸಂಜೆ ಫೋನಿನಲ್ಲಿ ನೀನು ಹೇಳಿದ್ದು ನೆನಪಿದೆಯಾ? ನನಗೆ ಒಂದಕ್ಷರ ಮರೆತಿಲ್ಲ. “ಕೆಲಸಕ್ಕೆ ಸಂಬಂಧಪಟ್ಟದ್ದು ಮಾತ್ರ ಹಾಕ್ಬೇಕು ಕಣೇ ದಡ್ಡಿ. ಬಣ್ಣದ ಲ್ಯಾಬಿಗೆ ಅರ್ಜಿ ಹಾಕಿ ಗಟಾರದ ಪಾಠ ಓದಿದೀನಿ ಅಂತ ಯಾರಾದ್ರೂ ಹೇಳ್ತಾರಾ? ಹೋದ ಸಲ ಒಬ್ಬ ಅದನ್ನೇ ಬರೆದಿದ್ದ. ಮ್ಯಾನೇಜರು ಓದಿದ್ದೇ ತಡ, ಕಸದ ಬುಟ್ಟಿ. ನಿನಗೆ ಒಳ್ಳೇದು ಮಾಡೋಕೆ ಹೋದ್ರೆ ನನ್ನ ಮೇಲೇ ಹಾರ್ತೀಯಲ್ಲ.” ಕಟ್.

ಹಾಗಾದರೆ ಸಂಬಂಧ ಯಾವುದು, ಯಾವುದು ಅಲ್ಲ ಎಂದು ತೀರ್ಮಾನಿಸುವವರು ಯಾರು? ಕೊಳಕು ನೀರನ್ನು ಹೊರಗೆ ಬಿಡುವವರೇ ಕೊಳಕು ನೀರಿನ ಪಾಠ ಬೇಡ ಅನ್ನುತ್ತಾರೆ. ಉಸಿರು ಕಟ್ಟಿಸುವವರೇ ಉಸಿರಿನ ಪಾಠ ಬೇಡ ಅನ್ನುತ್ತಾರೆ. ಅವರು ಅನ್ನಲಿ! ಅವರಿಗೆ ಭಯವಿದೆ, ಇರಬೇಕು. ಅವರು ಬಾಯಿ ಬಿಡುವ ಮೊದಲೇ ಅವರ ಪರವಾಗಿ ಅಳಿಸಿ ಕೊಡಲು ನಮ್ಮ ಮನೆಯ ಕೈಯೇ ಬೇಕಿತ್ತಾ?

ಅಮ್ಮನ ಉಗುರು ನೆನಪಿಸಿಕೋ. ಅವಳು ಕೆಲಸ ಮುಗಿಸಿ ಬಾಗಿಲಿಗೆ ಬಂದರೆ ನಾವಿಬ್ಬರೂ ಓಡಿಹೋಗಿ ಅವಳ ಕೈ ಹಿಡಿದು ಇವತ್ತಿನ ಬಣ್ಣ ಯಾವುದು ಎಂದು ಪಂದ್ಯ ಕಟ್ಟುತ್ತಿದ್ದೆವು. ನೀನು ಹಸಿರು ಅಂದರೆ ನಾನು ಕೆಂಪು. ಅವಳು ಇದೇ ಮಿಲ್ಲಿನ ಬಣ್ಣದ ಪುಡಿ ತೂಗುವ ಕೋಣೆಯಲ್ಲಿದ್ದಳು. ಕಿಟಕಿ ತೆರೆದರೆ ಗಾಳಿಗೆ ಪುಡಿ ಹಾರಿ ತೂಕ ತಪ್ಪುತ್ತದೆಂದು ಆ ಕೋಣೆಯ ಕಿಟಕಿಗೆ ಮೊಳೆ ಹೊಡೆದಿದ್ದರು. ಅವಳ ಕೆಮ್ಮಿನ ಬಗ್ಗೆ ತಮಾಷೆ ಮಾಡಿದ್ದು ನೀನೇ: “ಅಮ್ಮನ ಕೆಮ್ಮಿಗೂ ಭಾನುವಾರ ರಜೆ ನೋಡು.” ಅಮ್ಮನೂ ನಕ್ಕಿದ್ದಳು. ಭಾನುವಾರ ಆಗಿದ್ದರಿಂದ ಕೆಮ್ಮದೆ ನಕ್ಕಳು.

ಕಾರ್ಮಿಕರ ಆರೋಗ್ಯದ ತರಗತಿಯಲ್ಲಿ ನಮ್ಮ ಟೀಚರು ಒಂದು ದಿನ ದನಿ ಏರಿಸದೆ ಹೇಳಿದರು: ರಜೆಯ ದಿನ ಕಡಿಮೆಯಾಗಿ, ಕೆಲಸಕ್ಕೆ ಹೋದ ಕೂಡಲೇ ಮತ್ತೆ ಶುರುವಾಗುವ ಉಬ್ಬಸ ಕಂಡರೆ ಕೆಲಸದ ಜಾಗವನ್ನು ಅನುಮಾನಿಸಿ, ಬಣ್ಣದ ಪುಡಿ ತೂಗುವವರಲ್ಲಿ ಇದು ಹೆಚ್ಚು. ಎಲ್ಲರೂ ಬರೆದುಕೊಂಡರು. ನನಗೆ ಬರೆಯಲಾಗಲಿಲ್ಲ. ನಮ್ಮ ಮನೆಯ ಜೋಕು ಪಾಠವಾಗಿ ನನ್ನ ಮುಂದೆ ನಿಂತಿತ್ತು.

ಅಮ್ಮನಿಗೆ ನಿಲ್ಲಲೂ ಆಗದೆ ಹೋದಾಗ ಮಿಲ್ಲಿನ ಡಾಕ್ಟರು ಏನಂದರು? ಒಲೆಯ ಹೊಗೆ. “ಹೆಂಗಸ್ರು ಅಡುಗೆ ಮನೇಲಿ ಊದಿ ಊದಿ ಹೀಗಾಗ್ತಾರೆ.” ಅಮ್ಮ ಹೂಂಗುಟ್ಟಿದಳು. ಮ್ಯಾನೇಜರು ದೊಡ್ಡ ಮನಸ್ಸು ಮಾಡಿ, “ದೊಡ್ಡ ಮಗಳು ಓದಿದಾಳಲ್ಲ, ಆಫೀಸಿಗೆ ಕಳಿಸಿ” ಅಂದರು. ಅಲ್ಲಿಗೆ ಮುಗಿಯಿತು. ನಮ್ಮ ಒಲೆಗೆ ಭಾನುವಾರ ರಜೆ ಇತ್ತಾ ಅಕ್ಕ? ಹೊಟ್ಟೆ ತುಂಬ ಅಡುಗೆ ಮಾಡುತ್ತಿದ್ದದ್ದೇ ಭಾನುವಾರ! ಇಷ್ಟು ಸಣ್ಣ ಪ್ರಶ್ನೆಯನ್ನು ಆ ಡಾಕ್ಟರಿಗೆ ಯಾರೂ ಕೇಳಲಿಲ್ಲ. ನೀನು ಕುರ್ಚಿಗೆ ಹೋಗಿ ಕೂತೆ, ಅಮ್ಮ ಕಿಟಕಿಯ ಪಕ್ಕ ಬಂದು ಕೂತಳು. ಅವರು ಒಂದು ಕುರ್ಚಿ ಕೊಟ್ಟು ಒಂದು ಮನೆಯ ಬಾಯಿ ಮುಚ್ಚಿಸಿದರು. ಈಗ ಇನ್ನೊಂದು ಕುರ್ಚಿಗಾಗಿ ನನ್ನ ಬಾಯಿಯನ್ನು ನೀನೇ ಹೊಲಿದು ಕಳಿಸಿದೆ.

ಆ ತರಗತಿಯ ಸಂಜೆ ಹಾಸ್ಟೆಲ್ಲಿಗೆ ಹೋಗದೆ ಮನೆಗೆ ಓಡಿಬಂದು, “ಅಮ್ಮ, ನಿನ್ನ ಕೆಮ್ಮು ನಮ್ಮ ಪಾಠದಲ್ಲಿದೆ” ಎಂದಿದ್ದೆ. ಅವಳು ಮಡಿಸುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ. “ಹೊರಗಿನ ಬಟ್ಟೆ ಒಣಗಿದ್ಯಾ ನೋಡು ಹೋಗು” ಅಂದಳು. ಅವಳಿಗೆ ಅರ್ಥವಾಗಿಲ್ಲವೆಂದುಕೊಂಡು ನಾನು ಬಟ್ಟೆ ನೋಡಲು ಹೊರಗೆ ಹೋದೆ.

ಈಗ ಕೇಳು. ನಿನ್ನೆ ಲ್ಯಾಬಿನ ಮೇಡಂ ಫೋನ್ ಮಾಡಿದ್ದರು. ಕೆಲಸ ನನ್ನದಂತೆ. ಒಂದೇ ಷರತ್ತು. ಕೊಟ್ಟಿರುವ ರೆಸ್ಯೂಮೇ ಸರಿ ಎಂದು ಶುಕ್ರವಾರ ಬಂದು ಅದಕ್ಕೆ ರುಜು ಹಾಕಿಕೊಡಬೇಕು. ಬಾಯಲ್ಲಿ ಹೇಳಿದ ಆ ಎರಡು ವಿಷಯವನ್ನು ಇನ್ನೆಲ್ಲೂ ಎತ್ತಬಾರದು. “ಮೇಲಿನವರಿಗೆ ಅದೆಲ್ಲ ಆಗಲ್ಲಮ್ಮ. ನೀನು ಬಣ್ಣ ನೋಡ್ಕೋ, ಸಾಕು. ನಿನ್ನ ಕಣ್ಣು ಚೆನ್ನಾಗಿದೆ” ಅಂದರು. ಪಾಪ, ಕೆಟ್ಟವರಲ್ಲ. ನಿನ್ನಂತೆಯೇ ನನಗೆ ಒಳ್ಳೆಯದು ಮಾಡಲು ಹೊರಟವರು. ಈ ಒಳ್ಳೆಯದು ಮಾಡುವವರ ಕಾಟ ತಡೆಯಲಾಗುತ್ತಿಲ್ಲ.

ರಾತ್ರಿಯೆಲ್ಲ ರುಜು ಹಾಕಿಬಿಡಲೇ ಎಂದು ಮನಸ್ಸು ನೂರು ಸಲ ಕೇಳಿತು. ನಿನ್ನಿಂದ ಮುಚ್ಚಿಡುವುದಿಲ್ಲ. ಬೆಳಗ್ಗೆ ಎದ್ದು ನಾನೇ ಹೊಸ ರೆಸ್ಯೂಮ್ ಮಾಡಿದೆ. ಓದಿದ ವಿಷಯಗಳಲ್ಲಿ ಮೊದಲ ಸಾಲು ಕಾರ್ಮಿಕರ ಆರೋಗ್ಯ ಮತ್ತು ಸುರಕ್ಷತೆ. ಎರಡನೆಯದು ಕೊಳಕು ನೀರಿನ ಶುದ್ಧೀಕರಣ. ಬಣ್ಣ ಆಮೇಲೆ. ಹಾಸ್ಟೆಲ್ ವಿಳಾಸ ತೆಗೆದು ಮನೆಯದು ಹಾಕಿದ್ದೇನೆ. ಶುಕ್ರವಾರ ಅದನ್ನು ತಂದು ಕೊಡುತ್ತೇನೆ, ಲ್ಯಾಬಿನ ಮೇಡಂಗಲ್ಲ, ಮ್ಯಾನೇಜರ ಕೈಗೆ. ನನ್ನನ್ನು ಬೇಡ ಅಂದರೆ ಯಾವ ಪಾಠ ಓದಿದ್ದಕ್ಕೆ ಬೇಡ ಎಂದು ಎಲ್ಲರೆದುರು ಅವರ ಬಾಯಿಂದಲೇ ಹೇಳಲಿ.

ಇದರಿಂದ ನನ್ನ ಕೆಲಸ ಹೋಗುತ್ತದೆ, ಬಹುಶಃ. ನಿನ್ನದಕ್ಕೂ ಬಿಸಿ ತಟ್ಟಬಹುದು. ಹೆದರಿಸಲು ಹೇಳುತ್ತಿಲ್ಲ. ನೀನು ಮಾಡಿದಂತೆ ಹಿಂದಿನಿಂದ ಮಾಡಬಾರದೆಂದು ಮುಂಚೆಯೇ ತಿಳಿಸುತ್ತಿದ್ದೇನೆ. ಶುಕ್ರವಾರ ನಾನು ಬಾಗಿಲಲ್ಲಿ ನಿಂತಾಗ ನೀನು ರಜೆ ಹಾಕಿ ಮನೆಯಲ್ಲಿರಬಹುದು. ಮತ್ತೆ ‘ನೀವು ಯಾರು’ ಅನ್ನಬಹುದು. ಇಲ್ಲವೇ ಎದ್ದು ನಿಂತು, ಇವಳು ನನ್ನ ತಂಗಿ, ನಮ್ಮಮ್ಮ ಇದೇ ಮಿಲ್ಲಿನ ಪುಡಿ ಕೋಣೆಯಲ್ಲಿದ್ದಳು ಅನ್ನಬಹುದು. ಯಾವುದಾದರೂ ಮಾಡು. ನಗಬೇಡ, ಅಷ್ಟೆ. ಇನ್ನೊಂದು ಸಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರೆ, ಅಮ್ಮನಾಣೆ, ಆ ಮೇಜಿನ ಮೇಲೇ ನಿನ್ನ ಜಡೆ ಹಿಡಿಯುತ್ತೇನೆ.

ನಿನ್ನ ತಂಗಿ (ಇದನ್ನು ಆಫೀಸಿನಲ್ಲಿ ಓದಿದರೂ ತಂಗಿಯೇ),
ಮೊಂಡಿ

ವಿ.ಸೂ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಅಮ್ಮ, “ಬೆಳಗ್ಗಿಂದ ಅವಳಿಗೆ ಏನ್ ಬರೀತಿದೀಯ, ಓದು” ಅಂದಳು. ಓದಿದೆ, ಜಡೆಯವರೆಗೂ. ಅವಳು ಕಿಟಕಿಯ ಕಡೆಯೇ ನೋಡುತ್ತಾ ಕೇಳಿ, ಕೊನೆಗೆ ಹೇಳಿದಳು: “ಅವಳನ್ನ ಬೈಬೇಡ. ಕೆಲಸಕ್ಕೆ ಅಂತ ನೀನು ಬರೆದುಕೊಟ್ಟ ಹಾಳೆ ಕೈಗೆ ಸಿಕ್ಕಿದ ದಿನ ಅವಳು ನನಗೆ ಫೋನ್ ಮಾಡಿದ್ಲು. ಆ ಎರಡು ಪಾಠಾನೂ ಬರೆದಿದಾಳೆ, ಏನ್ ಮಾಡ್ಲಿ ಅಂತ ಅತ್ಲು. ಹೊಡೆದುಹಾಕು ಅಂತ ಹೇಳಿದ್ದು ನಾನು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕ್ಸಿದ್ದೂ ನಾನೇ.” ನೀನು ಅತ್ತಿದ್ದನ್ನು ಯಾಕೆ ನನಗೆ ಹೇಳಲಿಲ್ಲ ಅಕ್ಕ? ನಾನು ಪೆನ್ನು ತೆಗೆದುಕೊಂಡು ನಿನ್ನ ಬಗ್ಗೆ ಬರೆದ ಕಟು ಮಾತುಗಳ ಮೇಲೆ ಗೀಟು ಎಳೆಯಲು ಹೋದೆ. ಅಮ್ಮ ನನ್ನ ಕೈ ಹಿಡಿದುಕೊಂಡಳು. ಉಸಿರು ಸಿಗುವವರೆಗೆ ಕಾಯ್ದು ಹೇಳಿದಳು: “ಬಿಡು, ಹಾಗೇ ಹೋಗ್ಲಿ. ಹೊಡೆದುಹಾಕಿಸಿದ್ದು ಸಾಕಾಯ್ತು. ಶುಕ್ರವಾರ ನಾನೂ ಬರ್ತೀನಿ ಅಂತ ಬರಿ.”