ಮೂವತ್ತಮೂರನೆಯವಳು

ಫೆಬ್ರವರಿ ೧೯, ಸೋಮವಾರ

ಪ್ರೀತಿಯ ಅಕ್ಕ,

ನಿನ್ನ ಬಾಯಿಬಡುಕಿ ತಂಗಿಯ ನೆನಪುಗಳು. ನಿನ್ನ ಎರಡು ಕಾಗದಗಳಿಗೆ ಉತ್ತರ ಬರೆದಿಲ್ಲ ಎಂಬುದು ಗೊತ್ತು. ದಿನವಿಡೀ ಮೈಕಿನಲ್ಲಿ ಮಾತಾಡಿ ಮನೆಗೆ ಬಂದವಳಿಗೆ ಕಾಗದದ ಮೇಲೂ ಮಾತಾಡು ಎಂದರೆ ಕೈ ಏಳುವುದಿಲ್ಲ. ತಡವಾಗಿದ್ದಕ್ಕೆ ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಮುಂದೆ ಬೈಯಲು ಬೇರೆ ಕಾರಣ ಸಿಗಲಿದೆ.

ಮೊದಲು ಇಷ್ಟು ಓದಿಕೋ: ಅಮ್ಮ ಚೆನ್ನಾಗಿದ್ದಾಳೆ. ಪಕ್ಕದ ಕೋಣೆಯಲ್ಲಿ ಕೂತು ನನ್ನ ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಿದ್ದಾಳೆ, ಈ ವಯಸ್ಸಿನಲ್ಲೂ ಗುಂಡಿ ಕಿತ್ತುಕೊಂಡು ಬರುತ್ತೀಯಲ್ಲ ಎಂದು ಗೊಣಗುತ್ತಿದ್ದಾಳೆ. ಮೈಮೇಲೆ ಒಂದು ಗೀರೂ ಇಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳಿದ್ದರೆ ನೀನು ಅರ್ಧ ಕೇಳಿ ಕೂಗಾಡುತ್ತಿದ್ದೆ, ಅದಕ್ಕೇ ಕಾಗದ. ಕಳೆದ ಗುರುವಾರ ನಾನು ಅಮ್ಮನನ್ನು ದೀಪಸ್ತಂಭದ ಬಂಡೆಯ ಮೇಲೆ ಬಿಟ್ಟು ಬಂದುಬಿಟ್ಟೆ. ಅದೂ ನೀರು ಏರುವ ಹೊತ್ತಿನಲ್ಲಿ.

ಹಾಂ, ಈಗ ಕೂತುಕೊಂಡು ಓದು.

ಅಮ್ಮ ಹೋಟೆಲಿನ ಲಾಂಡ್ರಿ ಬಿಟ್ಟು ಒಂದು ತಿಂಗಳಾಯಿತಲ್ಲ. ಮೂವತ್ತೊಂದು ವರ್ಷ ಪ್ರವಾಸಿಗರ ಹಾಸಿಗೆಯ ಬಟ್ಟೆ ಒಗೆದವಳು ಅವರು ನೋಡಲು ಬರುವ ಒಂದು ಜಾಗವನ್ನೂ ನೋಡಿರಲಿಲ್ಲ. ಅವೆಲ್ಲ ದ್ವೀಪದ ಆ ಬದಿ, ಲಾಂಡ್ರಿ ಈ ಬದಿ. ಚಾದರ ಕೊಡವುವಾಗ ಉದುರಿದ ಮರಳನ್ನು ಅಂಗೈಯಲ್ಲಿ ಹಿಡಿದು, "ಇವ್ರು ನಿನ್ನೆ ಕೆಂಪು ಗುಹೆಗೆ ಹೋಗಿದ್ರು" ಎನ್ನುತ್ತಿದ್ದಳು, ನೆನಪಿದೆಯಾ? ಬಿಳಿ ಪುಡಿಯಾದರೆ ಚಿಪ್ಪಿನ ತೀರ, ಕಪ್ಪಾದರೆ ದೀಪಸ್ತಂಭ. ಹೋಟೆಲಿನವರನ್ನು ಕೇಳಿ ಕೇಳಿ ಕಲಿತದ್ದು. ಅವಳ ಮಟ್ಟಿಗೆ ದ್ವೀಪ ಎಂದರೆ ಆ ಮೂರು ಬಣ್ಣ, ಅಷ್ಟೇ.

ನಾನು ಪ್ರವಾಸದ ಬಸ್ಸಿಗೆ ಗೈಡ್ ಆಗಿ ಸೇರಿದ ದಿನವೇ, "ಸೀಟು ಖಾಲಿ ಇರೋ ದಿನ ಕರ್ಕೊಂಡು ಹೋಗ್ತೀನಮ್ಮ" ಎಂದು ಮಾತು ಕೊಟ್ಟಿದ್ದೆ. ಹತ್ತೊಂಬತ್ತು ವರ್ಷವಾಯಿತು. ಸೀಟು ಖಾಲಿ ಇದ್ದ ದಿನ ಅವಳಿಗೆ ರಜೆಯಿಲ್ಲ, ಅವಳಿಗೆ ರಜೆ ಇದ್ದ ದಿನ ಬಸ್ಸು ಭರ್ತಿ ಎಂದು ನಿನಗೂ ಬರೆಯುತ್ತಲೇ ಬಂದೆ. ಗುರುವಾರವೂ ಭರ್ತಿಯೇ, ಮೂವತ್ತೆರಡು ಸೀಟು, ಮೂವತ್ತೆರಡು ಜನ. ಆದದ್ದಾಗಲಿ ಎಂದು ಡ್ರೈವರ್ ಹಿಂದೆ ನನಗೆಂದೇ ಇರುವ ಮಡಚುವ ಸೀಟಿನಲ್ಲಿ ಅವಳನ್ನು ಕೂರಿಸಿ ನಾನು ನಿಂತುಕೊಂಡೆ. ನಮ್ಮ ಡ್ರೈವರನ್ನು ನಾವೆಲ್ಲ ಗಡಿಯಾರ ಎಂದು ಕರೆಯುತ್ತೇವೆ, ಒಂದು ನಿಮಿಷ ತಡವಾದರೆ ಅವರಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಆ ಮನುಷ್ಯ ಅವತ್ತು ಇಳಿದು ಬಂದು ಅಮ್ಮನ ಕಿಟಕಿ ಒರೆಸಿಕೊಟ್ಟರು.

ನೀನು ಅವಳನ್ನು ನೋಡಬೇಕಿತ್ತು ಅಕ್ಕ. ಕೆಂಪು ಗುಹೆಯ ಬಾಯಲ್ಲಿ ಎಲ್ಲರೂ ತಲೆಯೆತ್ತಿ ಬಂಡೆ ನೋಡುತ್ತಿದ್ದರೆ ಇವಳು ಬಗ್ಗಿ ಮರಳು ಎತ್ತಿಕೊಂಡು ಬೆರಳಲ್ಲಿ ಉಜ್ಜುತ್ತಿದ್ದಾಳೆ. "ಓ, ನೀನು ಇಲ್ಲಿಂದ ಬರ್ತಿದ್ಯಾ! ಎಷ್ಟು ಕೊಡವಿದ್ರೂ ಹೋಗ್ತಿರ್ಲಿಲ್ವಲ್ಲ!" ಎಂದು ಮರಳನ್ನೇ ಬೈದಳು. ಚಿಪ್ಪಿನ ತೀರದಲ್ಲಿ ಕಾಲು ನೆನೆಸಿದಳು. ಅವಳಿ ಬಂಡೆಯ ಮುಂದೆ ನಾನು, ಜಗಳವಾಡಿ ಕಲ್ಲಾದ ಅಕ್ಕತಂಗಿಯರ ಕಥೆಯನ್ನು ಎಂದಿನಂತೆ ಕಣ್ಣು ಅರಳಿಸಿ ಹೇಳಿದೆ. "ಇದು ನೀವಿಬ್ರೂ ಸಣ್ಣೋರಿದ್ದಾಗ ಕಟ್ಟಿದ ಕಥೆ ಅಲ್ವೇನೇ?" ಎಂದು ಮೂವತ್ತೆರಡು ಜನರೆದುರು ನನ್ನ ಮಾನ ಕಳೆದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಾಲ್ಕನೆಯದು ದೀಪಸ್ತಂಭ. ಅಲ್ಲಿಗೆ ಹೋಗುವ ಕಲ್ಲಿನ ದಾರಿ ಇನ್ನೂರು ಹೆಜ್ಜೆ ಇದ್ದೀತು, ಕಡಲು ಏರಿದಾಗ ಪೂರ್ತಿ ಮುಳುಗುತ್ತದೆ. ಅವತ್ತು ಮೂರೂವರೆಗೆ ಮುಳುಗುವುದಿತ್ತು. ಮೂರು ಗಂಟೆಗೆಲ್ಲ ಹಾರ್ನ್ ಹೊಡೆಸಿದೆ, ಜನ ಬಂದು ಕೂತರು. ನಾನು ಬಾಗಿಲಲ್ಲಿ ನಿಂತು ಎಣಿಸಿದೆ. ಇದರಲ್ಲಿ ನನ್ನನ್ನು ಯಾರೂ ಮೀರಿಸಲಾರರು. ನಂಬರಿರುವ ಮೊದಲ ಸೀಟಿನಿಂದ ಕೊನೆಯವರೆಗೆ, ಬೆರಳು ತೋರಿಸದೆ, ಕಣ್ಣಲ್ಲೇ. ಮೂವತ್ತೆರಡು. ಹಿಂದಿನಿಂದ ಮುಂದಕ್ಕೆ ಇನ್ನೊಮ್ಮೆ. ಮೂವತ್ತೆರಡು. "ರೈಟ್" ಎಂದೆ. ಗಡಿಯಾರದವರ ಕಣ್ಣು ಎಂದಿನಂತೆ ಗಡಿಯಾರದ ಮೇಲಿತ್ತು. ಮಡಚುವ ಸೀಟು ಖಾಲಿ ಕಂಡಿತು. ಹತ್ತೊಂಬತ್ತು ವರ್ಷದ ಅಭ್ಯಾಸ ನೋಡು, ನಾನೇ ಅದರಲ್ಲಿ ಕೂತೆ.

ಕೂತು, ಆರಾಮಾಗಿ ಕೊನೆಯ ಜಾಗವಾದ ಸೂರ್ಯಾಸ್ತದ ಕಟ್ಟೆಯ ಬಗ್ಗೆ ಮೈಕಿನಲ್ಲಿ ಕೊರೆಯುತ್ತಿದ್ದೆ. ಅರ್ಧ ಗಂಟೆಯ ಮೇಲೆ ಕಾಲಿಗೆ ಏನೋ ತಾಗಿತು. ಬಗ್ಗಿ ನೋಡಿದರೆ ಅಮ್ಮನ ಕೈಚೀಲ.

ಅಕ್ಕ, ಆ ಕ್ಷಣ ನನ್ನ ಎದೆ ಧಸಕ್ ಎಂದಿದ್ದು ಮೈಕಿನಲ್ಲಿ ಕೇಳಿಸಿರಬೇಕು. "ನಮ್ಮಮ್ಮ..." ಎಂದು ಚೀಲ ಎತ್ತಿ ಹಿಡಿದೆ. ಗಡಿಯಾರದವರು ತಿರುಗಿ ನನ್ನನ್ನು ನೋಡಿದರು, ಚೀಲ ನೋಡಿದರು, ಗಡಿಯಾರ ಮಾತ್ರ ನೋಡಲಿಲ್ಲ. ಆ ಇಕ್ಕಟ್ಟು ರಸ್ತೆಯಲ್ಲಿ ಬಸ್ಸು ಹೇಗೆ ತಿರುಗಿತೋ ಇವತ್ತಿಗೂ ನನಗೆ ಗೊತ್ತಿಲ್ಲ. ಮೂರನೆಯ ಸಾಲಿನಲ್ಲಿದ್ದ ಹಲ್ಲಿನ ಡಾಕ್ಟರು ಎದ್ದು ನಿಂತು, "ಸೂರ್ಯ ನಾಳೇನೂ ಮುಳುಗ್ತಾನೆ, ನೀವು ಬೇಗ ಓಡಿಸಿ" ಎಂದರು. ಒಬ್ಬರೂ ಚಕಾರ ಎತ್ತಲಿಲ್ಲ.

ನಾವು ತಲುಪಿದಾಗ ದಾರಿಯೇ ಇರಲಿಲ್ಲ. ಬರೀ ನೀರು. ನಾನು ಅದರೊಳಕ್ಕೆ ಇಳಿಯಲು ಹೊರಟೆ, ಡಾಕ್ಟರು ಹಿಂದಿನಿಂದ ಅಂಗಿ ಹಿಡಿದು ಎಳೆದರು. ಗುಂಡಿ ಹೋದದ್ದು ಆಗಲೇ. ದಡದಲ್ಲಿ ನಿಂತು "ಅಮ್ಮಾ" ಎಂದು ಕಿರುಚಿದೆ. ಊರಿಗೆಲ್ಲ ಕೇಳುವ ಗಂಟಲು ನನ್ನದು ಎಂದು ನೀನೇ ಹೇಳುತ್ತಿದ್ದೆಯಲ್ಲ, ಅದು ಅವತ್ತು ಉಪಯೋಗಕ್ಕೆ ಬಂತು. ದೀಪಸ್ತಂಭದ ಕಾವಲುಗಾರನ ಮನೆಯ ಹಿಂದಿನಿಂದ ಒಂದು ದೊಡ್ಡ ಬಿಳಿ ಚಾದರ ಈಚೆ ಬಂತು. ಅದರ ಒಂದು ತುದಿಯಲ್ಲಿ ಕಾವಲುಗಾರ, ಇನ್ನೊಂದು ತುದಿಯಲ್ಲಿ ಅಮ್ಮ! ತಂತಿಯ ಮೇಲೆ ಒಣಗಿದ ಚಾದರ ಕಂಡಮೇಲೆ ಅವಳ ಕೈ ಸುಮ್ಮನಿರುತ್ತದೆಯೇ? ಮೂಲೆಗೆ ಮೂಲೆ ಕೂಡಿಸಿ ಮಡಿಸುತ್ತಿದ್ದಾಳೆ.

ಕಾವಲುಗಾರ ಧ್ವನಿವರ್ಧಕ ತಂದು ಕೂಗಿದ: "ಅಮ್ಮ ಆರಾಮಾಗಿದಾರೆ! ಟೀ ಕುಡಿದ್ರು! ನನ್ನ ಬೀರು ಪೂರ್ತಿ ಹೊರಗೆ ಹಾಕಿ ಮತ್ತೆ ಮಡಿಸ್ತಿದಾರೆ!"

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ನಗು ಬಂತು, ಆಮೇಲೆ ಅಳು ಬಂತು, ಎರಡೂ ಸೇರಿ ಬಿಕ್ಕಳಿಕೆ ಹಿಡಿಯಿತು. ಹೋದ ಜೀವ ಬಂತು ಎನ್ನುತ್ತಾರಲ್ಲ, ಅದು ಹೀಗೆಯೇ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಆರೂವರೆಗೆ ದಾರಿ ಮತ್ತೆ ಕಂಡಿತು. ಅಲ್ಲಿಯವರೆಗೆ ಮೂವತ್ತೆರಡು ಜನರೂ ದಡದಲ್ಲೇ ಕೂತಿದ್ದರು. ಸೂರ್ಯ ದೀಪಸ್ತಂಭದ ಹಿಂದೆ ಇಳಿದ. ನೀರು ಸರಿದು ಕಲ್ಲುಗಳು ಒಂದೊಂದೇ ಮೇಲೆದ್ದವು. ಇಷ್ಟು ವರ್ಷದಲ್ಲಿ ನಾನೂ ಅದನ್ನು ಕೂತು ನೋಡಿರಲಿಲ್ಲ, ನೀರು ಏರುವ ಮೊದಲೇ ಓಡಿಬಿಡುತ್ತಿದ್ದೆವು. ಕಾವಲುಗಾರನ ಕೈ ಹಿಡಿದು ಅಮ್ಮ ನಡೆದು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ನನ್ನ ಕಿವಿಯಲ್ಲಿ, "ಸೂರ್ಯ ಮುಳುಗಿದ್ದಕ್ಕೂ ಚಪ್ಪಾಳೆ ಹೊಡೀತಾರಾ ಇವ್ರು?" ಎಂದು ಕೇಳಿದಳು.

ಮರುದಿನ ಮ್ಯಾನೇಜರು ಕರೆಸಿದರು. ಕೆಲಸ ಹೋಯಿತು ಎಂದುಕೊಂಡೇ ಹೋದೆ. ಅವರ ಮುಂದೆ ಅಭಿಪ್ರಾಯದ ಪುಸ್ತಕ ತೆರೆದಿತ್ತು. ನೋಡಿದ್ದರಲ್ಲೆಲ್ಲ ಮುಳುಗಿದ ದಾರಿ ಮೇಲೇಳುವುದೇ ಚೆಂದ ಎಂದು ಮುಕ್ಕಾಲು ಜನ ಬರೆದಿದ್ದರು. "ವಾರಕ್ಕೊಂದು ಸಲ ಇದನ್ನೇ ಇಡೋಣ್ವಾ?" ಎಂದರು. "ಪ್ರತಿ ವಾರ ಯಾರ ತಾಯೀನ ಬಿಟ್ಟು ಬರೋದು ಸಾರ್?" ಎಂದೆ. ಅವರೂ ನಕ್ಕರು. ಕೆಲಸ ಉಳಿಯಿತು.

ಭಾವನಿಗೆ ನನ್ನ ನೆನಪು ಹೇಳು. ಮಕ್ಕಳಿಗೆ ಅಜ್ಜಿಯ ಆಶೀರ್ವಾದ. ಬಂದರೆ ಮೂರು ಬಣ್ಣದ ಮರಳು ತೋರಿಸುತ್ತಾಳಂತೆ, ಮೂರು ಬಾಟಲಿಯಲ್ಲಿ ತುಂಬಿ ಕಿಟಕಿಯಲ್ಲಿ ಇಟ್ಟಿದ್ದಾಳೆ. ನೀವೆಲ್ಲ ನೂರ್ಕಾಲ ಚೆನ್ನಾಗಿರಿ.

ನಿನ್ನ
ಬಾಯಿಬಡುಕಿ

ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನ ಹತ್ತಿರ ಮುಚ್ಚಿಟ್ಟು ನನಗೆ ಅಭ್ಯಾಸವಿಲ್ಲ ಎನ್ನಲಾರೆ, ಆದರೆ ಇದನ್ನು ಮುಚ್ಚಿಡಲು ಆಗುತ್ತಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವಳಿಗೂ ರಜೆ ಇದ್ದು ಸೀಟೂ ಖಾಲಿ ಇದ್ದ ದಿನಗಳು ಬೇಕಾದಷ್ಟಿದ್ದವು, ಅಕ್ಕ. ಗುರುವಾರ ಮನೆಗೆ ಬಂದಮೇಲೆ, "ಹಾರ್ನ್ ಮೂರು ಸಲ ಹೊಡೆದ್ವಿ, ಕೇಳಿಸ್ಲಿಲ್ವೇನಮ್ಮ?" ಎಂದು ಕೇಳಿದೆ. "ಕೇಳಿಸ್ತಲ್ಲ" ಎಂದಳು. ಬಂಡೆಯಿಂದ ಕಲ್ಲಿನ ದಾರಿಗೆ ಇಳಿಯುವ ಮೆಟ್ಟಿಲವರೆಗೂ ಬಂದಿದ್ದಳಂತೆ. ಬಾಗಿಲಲ್ಲಿ ನಿಂತ ನಾನು ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತಿದ್ದೆನಂತೆ. ಒಂದಿಷ್ಟೂ ಕೋಪವಿಲ್ಲದೆ ಹೇಳಿದಳು: "ನೀನು ಎಣಿಸ್ತಿದ್ದೆ. ಎಷ್ಟು ಚೆನ್ನಾಗಿ ಎಣಿಸ್ತಾಳೆ ನನ್ನ ಮಗಳು ಅಂತ ನೋಡ್ತಾ ನಿಂತೆ. ಒಬ್ರು ಕಡಿಮೆ ಬಂದ್ರೆ ತಿರುಗಿ ನೋಡ್ತೀಯಲ್ಲ, ಆಗ ಬೀಸೋಣ ಅಂತ ಕೈ ಎತ್ಕೊಂಡೇ ಇದ್ದೆ."