ಮೂವತ್ತು ಹೆಜ್ಜೆ ಮುಂದೆ ಸಿಕ್ಕ ಚೆಂಡು

ಕೂಕಲ್ತೊರೈ,
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಅಪ್ಪಾ,

ಮೊಣಕಾಲು ಹೇಗಿದೆ? ಇತ್ತಲಾರಿನ ಚಳಿ ನಮ್ಮೂರಿಗಿಂತ ಜಾಸ್ತಿ. ಅತ್ತೆ ನಿನ್ನ ಒಡಹುಟ್ಟಿದವಳೇ ಅಲ್ಲವಾ, ನಾಚಿಕೊಳ್ಳಬೇಡ, ಎಣ್ಣೆ ಬಿಸಿ ಮಾಡಿಸಿ ಹಚ್ಚಿಕೊ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕ್ಯಾರೆಟ್ ಹೇರಲು ಅಲ್ಲಿಗೆ ಲಾರಿ ತರುವ ಹಾಲನ್ ಮಾಮ ನಿನ್ನ ಕೈಗೇ ಕೊಡುತ್ತೇನೆ ಅಂದಿದ್ದಾರೆ. ನಿನಗೆ ಓದಲು ಬಾರದು, ಅತ್ತೆಯ ಮಗಳು ಮಲ್ಲಿ ಓದಿ ಹೇಳಲಿ. ಅವಳಿಗೆ ವಿಷಯ ಗೊತ್ತಿರಲಿಕ್ಕಿಲ್ಲ, ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ. ಅವ್ವೆ ಚೆನ್ನಾಗಿದ್ದಾಳೆ ಎಂದರೆ ಸುಳ್ಳಾಗುತ್ತದೆ. ಟೀ ಎಲೆ ಕೀಳಲು ಹೋಗುತ್ತಾಳೆ, ಬರುತ್ತಾಳೆ, ನನ್ನ ಜೊತೆ ಮಾತಿಲ್ಲ. ಮೊನ್ನೆ ಮಾತ್ರ, "ನಿಜ ಹೇಳಿದ ಬಾಯಲ್ಲವಾ, ಅದೇ ಬಡಿಸಿಕೊಳ್ಳಲಿ" ಎಂದು ಪಾತ್ರೆಯನ್ನು ನನ್ನ ಕಡೆ ತಳ್ಳಿದಳು.

ಭುಜದ ಆಪರೇಷನ್ ಆದ ಮೇಲೆ ಕರ್ನಲ್ ಸುರೇಂದ್ರನ್ ಸಾರ್ ಹೊಡೆದ ಗಾಲ್ಫ್ ಚೆಂಡು ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ. ಇಪ್ಪತ್ತು ವರ್ಷ ಆಡಿದ ಹಳೆಯ ಡ್ರೈವರ್ ಕೋಲನ್ನು ಮೂಲೆಗಿಟ್ಟು, ದೊಡ್ಡ ತಲೆಯ ಹೊಸದನ್ನು ತರಿಸಿದರು. ಅದರ ಟಣ್ ಎನ್ನುವ ಸದ್ದಿಗೆ ನಾವಿಬ್ಬರೂ ಖಾಲಿ ಡಬ್ಬ ಎಂದು ನಕ್ಕಿದ್ದೆವು. ಏರು ದಾಟಿದ ಚೆಂಡು ಎಲ್ಲಿ ಬೀಳುತ್ತದೆಂದು ಹೊಡೆದವರಿಗೆ ಕಾಣದು. ಅವರ ಬ್ಯಾಗ್ ಹೊತ್ತು ಮುಂದೆ ಹೋಗಿ ನಿಂತು ನೋಡುವವನು ನೀನು. ಸುತ್ತ ಕಣ್ಣಾಡಿಸಿ, ಬೂಟಿನ ತುದಿಯಿಂದ ತಳ್ಳುತ್ತ, ಚೆಂಡನ್ನು ಮೂವತ್ತು ಹೆಜ್ಜೆ ಮುಂದೆ ಸೇರಿಸುತ್ತಿದ್ದೆ. ಸಾರ್ ಏದುಸಿರು ಬಿಡುತ್ತ ಬಂದು, "ಎವ್ವಳವು ದೂರಂ, ಮಹಾಲಿಂಗಂ?" ಎಂದು ಎಷ್ಟು ದೂರ ಹೋಯಿತೆಂದು ಕೇಳಿದರೆ, "ಮರ ದಾಟಿಬಿಟ್ಟಿದೆ ಸಾರ್!" ಎನ್ನುತ್ತಿದ್ದೆ. ಆಪರೇಷನ್ ಆದ ಭುಜವನ್ನು ಅವರು ತಾವೇ ತಟ್ಟಿಕೊಳ್ಳುವುದನ್ನು ನಾನೂ ನೋಡಿದ್ದೇನೆ. ಆ ಖುಷಿಯಲ್ಲೇ ಹುಲ್ಲಿನ ಮೇಲಿಂದ ಹೊಡೆಯುವ ಫೇರ್‌ವೇ ವುಡ್ಡನ್ನೂ ಬದಲಾಯಿಸಿದರು. ಅದಕ್ಕೂ ನೀನೇ ಕಾಲು ಕೊಟ್ಟೆ.

ದೀಪಾವಳಿ ಕಳೆದ ಶನಿವಾರ ಅವರ ಜೊತೆ ಆಡುವ ಡಾಕ್ಟರು, ತಾವೂ ಇಂಥದ್ದನ್ನೇ ತರಿಸುವುದಾಗಿ ಹೇಳುತ್ತ ಆ ಹೊಸ ಕೋಲಿನ ಫೋಟೋ ತೆಗೆಯುತ್ತಿದ್ದರು. ಡಾಕ್ಟರ ಬ್ಯಾಗ್ ಹೊತ್ತಿದ್ದ ನಾನು, "ತರಿಸಬೇಡಿ ಸಾರ್. ಚೆಂಡು ದೂರ ಹೋಗೋದು ಕೋಲಿನಿಂದ ಅಲ್ಲ, ನಮ್ಮಪ್ಪನ ಕಾಲಿನಿಂದ" ಎಂದುಬಿಟ್ಟೆ. ಡಾಕ್ಟರು ನಕ್ಕರು. ಕರ್ನಲ್ ನಗಲಿಲ್ಲ. ಅವರು ನಿನ್ನನ್ನು ನೋಡಿದರು, ನೀನು ನಿನ್ನ ಬೂಟು ನೋಡಿದೆ. ಸಾರ್ ಬ್ಯಾಗನ್ನು ಸದ್ದಾಗದಂತೆ ಹುಲ್ಲಿನ ಮೇಲಿಟ್ಟು ನೀನು ಬಸ್ಸಿನ ಕಡೆ ನಡೆದೆ. ಮನೆಗೆ ಬರಲಿಲ್ಲ.

ಸೋಮವಾರ ಸಾರ್ ನನ್ನನ್ನು ಕರೆದರು. ಹಳೆಯದು, ಹೊಸದು ಎರಡೂ ತಂದಿದ್ದರು. ಒಂದೇ ಜಾಗದಿಂದ ಹತ್ತು ಹತ್ತು ಚೆಂಡು ಹೊಡೆದು, "ಅಳೆದು ಹೇಳುಡಾ, ನಿನಗೆ ಸುಳ್ಳು ಬರೋದಿಲ್ಲವಲ್ಲ" ಎಂದರು. ಅಳೆದೆ. ಹೊಸದು ನಾಲ್ಕು ಹೆಜ್ಜೆ ಹೆಚ್ಚು, ಅಷ್ಟೇ. ಹಾಗೆಯೇ ಹೇಳಿದೆ. ಅವರು ಬೆಂಚಿನ ಮೇಲೆ ಕೂತು ಗ್ಲೋವ್ ಬಿಚ್ಚಿದರು. "ಆ ಮೊಣಕಾಲು ಇಟ್ಟುಕೊಂಡು ಅವನು ಏರು ಓಡುತ್ತಿದ್ದದ್ದು ಇದಕ್ಕಾ?" ಎಂದರು. ಆಮೇಲೆ ಅವರು ಮೈದಾನಕ್ಕೆ ಬಂದಿಲ್ಲ. ಹತ್ತು ದಿನವಾಯಿತು.

ಬ್ಯಾಗ್ ಹೊರುವುದು, ಬಿಡುವುದು ನಿನ್ನಿಷ್ಟ. ಮೊದಲು ಮನೆಗೆ ಬಾ, ಅಪ್ಪಾ. ಬಂದು ಬೇಕಾದರೆ ನನಗೆ ನಾಲ್ಕು ಹೊಡಿ. ಅತ್ತೆಗೆ ನನ್ನ ನಮಸ್ಕಾರ ಹೇಳು. ಹೆತ್ತೆಯಮ್ಮ ನಿನ್ನನ್ನು ಕಾಯಲಿ.

ನಿನ್ನ ಮಗ,
ಪ್ರವೀಣ್‌ಕುಮಾರ್

ಇನ್ನೊಂದು ಮಾತು: ಹಾಲನ್ ಮಾಮ ಹಾರ್ನ್ ಹೊಡೆಯುತ್ತಿದ್ದಾರೆ. ಮಲ್ಲಿ, ಇದನ್ನು ಬಿಡದೆ ಓದು. ಡಾಕ್ಟರು ಮೋಸಹೋಗಬಾರದೆಂದು ಹೇಳಿದೆ ಅಂತ ಅವ್ವೆಗೆ ಹೇಳಿದ್ದೇನೆ. ಅದಲ್ಲ. ನೀನು ಚೆಂಡು ತಳ್ಳುವುದನ್ನು ನಾನು ಮೂರು ತಿಂಗಳಿಂದ ನೋಡುತ್ತ ಸುಮ್ಮನಿದ್ದೆ. ಆ ಶನಿವಾರದ ಹಿಂದಿನ ದಿನ ಸಾರ್, "ನಿನಗೆ ಕಾಲು ನೋವು, ನಾಳೆಯಿಂದ ಮಗ ಬರಲಿ" ಎಂದಾಗ, "ಅವನಾ? ಶಾಲೆಯಲ್ಲೇ ನಿಲ್ಲದವನು ನಿಮ್ಮ ಹತ್ತಿರ ನಿಲ್ಲುತ್ತಾನಾ ಸಾರ್?" ಎಂದು ನೀನು ನಕ್ಕೆ. ನಾನು ಶೆಡ್ಡಿನ ಹಿಂದೆ ಇದ್ದೆ. ನಿನ್ನ ಜಾಗ ನನಗೆ ಬೇಕಿತ್ತು, ಅಪ್ಪಾ. ಅದಕ್ಕೇ ಹೇಳಿದೆ.